ಶಾಲಿನ ಆ ತುದಿ

ಇದು ನಮ್ಮ ಪಕ್ಕದ ಮನೆಯ ಟೈಲರಕ್ಕನಿಗೆ ಆಗಿದ್ದು. ಕಟ್ಟುಕತೆ ಅನ್ನುವವರು ನಾಳೆ ಅವಳ ಹೊಲಿಗೆ ಮೆಷಿನ್ನಿನ ಮುಂದೆ ನಿಂತು ಅನ್ನಲಿ. ಕತ್ತರಿ ಅವಳ ಕೈಯಲ್ಲೇ ಇರುತ್ತದೆ.

ಬೆಟ್ಟ ಇಳಿಯುವ ದಾರಿಯಲ್ಲೊಂದು ಹಳೇ ಬಾವಿ. ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು... ಮೇಲೆ ಮಂಜು ಬೇರೆ. ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಕಣಿವೆ ನೋಡಲು ಹೊರಟವಳು ಅವಳು. ಆ ತಮ್ಮನಿಗೆ ಇರುಳುಗುರುಡು. ಹಗಲು ಹದ್ದಿನ ಕಣ್ಣು, ಸಂಜೆಯಾದರೆ ಎದುರಿನ ಗೋಡೆಯೂ ಕಾಣದು. ಬೆಳಕಿರುವಾಗಲೇ ಇಳಿದುಬಿಡಿ ಅಂತ ಅಮ್ಮ ಹೇಳಿ ಹೇಳಿ ಕಳಿಸಿದ್ದರು. ಇವನೋ ಇನ್ನೊಂದು ಫೋಟೋ, ಇನ್ನೊಂದೇ ಫೋಟೋ ಅನ್ನುತ್ತ ಇಡೀ ಕಣಿವೆಯನ್ನು ಮೊಬೈಲಿಗೆ ತುಂಬಿಸಿದ. ಕೊನೆಗೆ ಅದೂ ಪ್ರಾಣ ಬಿಟ್ಟಿತು. ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ, ನಡುವೆ ಒಬ್ಬರು ನಡೆಯುವಷ್ಟು ದಾರಿ.

ಅಕ್ಕ ಹೊದ್ದ ಶಾಲು ತೆಗೆದು ಒಂದು ತುದಿಯನ್ನು ಅವನ ಕೈಗಿಟ್ಟಳು.

"ಬಿಡಬೇಡ ಮರಿ. ಮೆಲ್ಲಗೆ ನನ್ನ ಹಿಂದೇನೇ ಬಾ."

"ಹೂಂ."

"ಅಮ್ಮಂಗೆ ಹೇಳ್ಬೇಡ."

"ನಂಗೇನು ಹುಚ್ಚಾ?"

ಹೊರಟರು. ಅವನ ಬೂಟಿನಡಿ ಜಲ್ಲಿ ಕರಕ್... ಕರಕ್... ಬಾವಿಯೊಳಗೆ ಹನಿಯೊಂದು ತೊಟಕ್ಕೆಂದಿತು. ಬಾವಿ ದಾಟುವಾಗ ಶಾಲು ಒಮ್ಮೆ ಸಡಿಲವಾಯಿತು... ಮತ್ತೆ ಬಿಗಿಯಾಯಿತು. ಎಡವಿರಬೇಕು ಅಂದುಕೊಂಡಳು. ಕರಕ್ ಸದ್ದು ಮಾತ್ರ ನಿಂತುಹೋಗಿತ್ತು.

"ಬರ್ತಿದೀಯೇನೋ?"

"ಹೂಂ..." ಪಿಸುದನಿ.

ಇನ್ನೂ ಸ್ವಲ್ಪ ದೂರ ಇಳಿದ ಮೇಲೆ ಅದೇ ದನಿ ಮೆಲ್ಲಗೆ ಹೇಳಿತು. "ಅಕ್ಕ... ಮುಂದೆ ಕಲ್ಲು ಬಿದ್ದಿದೆ. ಎಡಕ್ಕೆ ಸರಿ."

ಅವಳು ಎಡಗಾಲು ಎತ್ತಿಯೇಬಿಟ್ಟಿದ್ದಳು. ಅಷ್ಟರಲ್ಲಿ ತಡೆದು ನಿಂತಳು. ಈ ಹೊತ್ತಲ್ಲಿ ಇವನಿಗೆ ಕಲ್ಲು ಹೇಗೆ ಕಂಡಿತು?

ಆಗ ಮೇಲೆ, ದೂರದಲ್ಲಿ, ಬಾವಿಯ ಕಡೆಯಿಂದ... "ಅಕ್ಕಾ... ಎಲ್ಲಿದೀಯೇ?" ತಮ್ಮನ ಗಂಟಲು. ಅಳು ಬೆರೆತಿತ್ತು.

ಶಾಲನ್ನು ಯಾರೋ ಮೆಲ್ಲಗೆ ಎಳೆದರು. "ಅದು ನಾನಲ್ಲ," ಅಂದಿತು ಪಿಸುದನಿ. "ತಿರುಗಬೇಡ."

ಅವಳ ಕೈಯಿಂದ ಶಾಲು ಜಾರಿತು. ಓಡಿಬಿಡೋಣ ಅನ್ನಿಸಿದ್ದು ನಿಜ. ಆದರೆ ತಮ್ಮ ಮೇಲಿದ್ದಾನೆ, ಅವನಿಗೆ ಕಣ್ಣು ಕಾಣಿಸುವುದಿಲ್ಲ. ಮೇಲಕ್ಕೆ ಹೋಗಬೇಕೆಂದರೆ ಶಾಲಿನ ಆ ತುದಿ ಹಿಡಿದದ್ದನ್ನು ದಾಟಿಯೇ ಹೋಗಬೇಕು. ಬಂಡೆಗೆ ಮೈಯೊತ್ತಿ, ಕಣ್ಣು ಮುಚ್ಚಿ, ಹೆಜ್ಜೆ ಹೆಜ್ಜೆಯಾಗಿ ಹತ್ತಿದಳು. ಕಿವಿಯ ಪಕ್ಕ ಬಟ್ಟೆ ಸರಸರ ಅಂದಿತು... ಯಾರೋ ಸರಿದು ದಾರಿ ಬಿಟ್ಟ ಹಾಗೆ.

ತಮ್ಮ ಬಾವಿಕಟ್ಟೆಯನ್ನು ತಬ್ಬಿ ಕೂತಿದ್ದ.

"ಯಾಕೋ ಬಿಟ್ಟೆ?"

"ನೀನೇ ತಾನೆ ಅಂದಿದ್ದು... ಶಾಲು ಬಿಡು, ಇಲ್ಲೇ ಕೂತಿರು ಅಂತ. ಕಿವಿ ಹತ್ರ ಬಂದು ಅಂದೆ."

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದಳು. ದಾರಿಯುದ್ದಕ್ಕೂ ಕರಕ್... ಕರಕ್... ಆ ಸದ್ದು ಕೇಳುತ್ತಿದ್ದದ್ದಕ್ಕೇ ಜೀವ ಉಳಿಯಿತು ಅನ್ನುತ್ತಾಳೆ. ಶಾಲು ಎಲ್ಲೂ ಕಾಲಿಗೆ ಸಿಗಲಿಲ್ಲ. ಕಲ್ಲೂ ಇರಲಿಲ್ಲ.

ಕೆಳಗೆ ಬಸ್ ಸ್ಟಾಪಿನಲ್ಲಿ ಒಂದು ದೀಪ. ಮಂಜಿಗೆ ಬೆಂಚೆಲ್ಲ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ಶಾಲು, ನೀಟಾಗಿ ಮಡಚಿಟ್ಟಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು, ನಾನು ಅವಳ ಬಾಯಿಂದಲೇ ಕೇಳಿದ್ದು. ಶಾಲು ಪೂರ್ತಿ ಒಣಗಿತ್ತಂತೆ. ತಮ್ಮ ಹಿಡಿದಿದ್ದ ತುದಿ ಇನ್ನೂ ಬೆಚ್ಚಗಿತ್ತಂತೆ.