ನಡುವಿನ ತುಂಡು

ಕಡಲ ಬದಿಯ ಒಂದು ಊರಲ್ಲಿ ಒಬ್ಬ ಉಳ್ಳವನಿದ್ದ. ಉಳ್ಳವ ಎಂದರೆ ಅರಮನೆ ಕಟ್ಟಿದವನಲ್ಲ. ಊರಿನ ರಂಪಣಿ ಬಲೆಯಲ್ಲಿ ನಡುವಿನ ತುಂಡು ಅವನದು, ಅಷ್ಟೇ.

ಈಗಿನ ಮಕ್ಕಳಿಗೆ ರಂಪಣಿ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಅದು ಒಬ್ಬನ ಬಲೆಯಲ್ಲ. ಮನೆಗೊಂದು ತುಂಡು. ಮಳೆಗಾಲ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ತುಂಡು ಹೊತ್ತು ತಂದು, ಮರಳಿನ ಮೇಲೆ ಹಾಸಿ, ಒಂದಕ್ಕೊಂದು ಸೇರಿಸಿ ಹೊಲಿಯುತ್ತಿದ್ದರು. ದೋಣಿಯಲ್ಲಿ ಒಯ್ದು ಮೀನಿನ ಸುತ್ತ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ಊರಿಗೆ ಊರೇ ಎಳೆಯುತ್ತಿತ್ತು. ಹಗ್ಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಸಿಕ್ಕಿದ ಮೀನು ಎಲ್ಲರಿಗೂ ಸಮಪಾಲು.

ಎಳೆದಾಗ ಮೀನು ಎಲ್ಲಿ ಬಂದು ಸೇರುತ್ತದೆ? ನಡುವಿನ ತುಂಡಿನಲ್ಲಿ. ಪ್ರತಿ ಸಲ ನೋಡಿದರೂ ಅಲ್ಲೇ. ನೋಡಿ, ಇವನ ತಲೆ ಕೆಟ್ಟದ್ದು ಅಲ್ಲಿ. ಒಂದು ದಿನ ದಡದ ಮೇಲೆ ನಿಂತು ಹೇಳಿಯೇಬಿಟ್ಟ. "ಹ್ವಾಯ್, ಮೀನ್ ಪೂರಾ ಬಪ್ಪುದ್ ನನ್ನ ತುಂಡಿಗೆ. ನಿಮ್ಮ ಬಲೆಗೆ ಎಂತ ಇತ್ತ್? ಬರೀ ಉಪ್ಪುನೀರ್."

ಯಾರೋ ತಮಾಷೆಗೆ ಅಂದರು, "ಹಾಂಗಾರೆ ನಡು ತುಂಡ್ ಒಂದೇ ತಕಂಡ್ ಹೋಗಿ ಕಾಣಿ."

ಉಳಿದವರು ನಕ್ಕರು. ಇವನು ನಗಲಿಲ್ಲ. ಸೊಂಟದ ಚೂರಿ ತೆಗೆದು ಎರಡೂ ಕಡೆಯ ಹೊಲಿಗೆ ಕತ್ತರಿಸಿದ. ಎಷ್ಟು ಹೊತ್ತು ಬೇಕಾಯಿತು? ಒಂದು ಬೀಡಿ ಸೇದುವಷ್ಟು ಹೊತ್ತು. ತುಂಡನ್ನು ಆಳುಗಳ ಹೆಗಲ ಮೇಲೆ ಹೊರಿಸಿಕೊಂಡು ಮನೆಗೆ ಹೋದ.

ಅದರ ಮಾರನೆಯ ವಾರ, ನವರಾತ್ರಿ ಕಳೆದ ಮೇಲೆ, ತೂಫಾನು ಬಂತು. ಐದು ದಿನ ದೋಣಿ ಇಳಿಯಲಿಲ್ಲ. ಮನೆಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಬಿಟ್ಟರೆ ಬೇರೆ ಇಲ್ಲ. ಗಾಳಿಗೆ ಇವನ ಬಲೆಮನೆಯ ಮಾಡು ಹಾರಿತು. ಕಡಲ ಬದಿಯಲ್ಲಿ ಗಾಳಿ ನಿಂತ ಕೂಡಲೇ ಜನ ಒಬ್ಬರ ಮನೆಗೆ ಒಬ್ಬರು ಹೋಗಿ ಏನು ಹೋಯಿತು, ಏನು ಉಳಿಯಿತು ಎಂದು ಕೇಳುತ್ತಾರೆ. ಇವನು ಜಗಲಿಯಲ್ಲಿ ಕೂತು ಬೇಲಿಯಾಚೆ ಕಾಲಸಪ್ಪಳ ಕೇಳಿದ. ಸಪ್ಪಳ ಬಂತು, ದಾಟಿತು. ಮತ್ತೆ ಬಂತು, ಮತ್ತೆ ದಾಟಿತು. ಹೆಂಡತಿ ಇಲ್ಲದ ಮನೆ. ಮಾತಾಡಲಿಕ್ಕೆ ಗೋಡೆ.

ಆರನೆಯ ದಿನ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬೀಸಿತು. ಅಲೆ ತಗ್ಗಿತು. ಹೊಳೆ ತಂದ ಕೆಂಪು ನೀರು ದಡದ ಉದ್ದಕ್ಕೆ ಪಟ್ಟಿಯಂತೆ ನಿಂತಿತ್ತು. ಅದರಾಚೆ, ಕಣ್ಣಳತೆಯಲ್ಲೇ, ನೀರು ಕಪ್ಪಾಗಿ ನಡುಗುತ್ತಿತ್ತು. ಹಕ್ಕಿಗಳು ಮೇಲಿಂದ ನೀರಿಗೆ ಎರಗುತ್ತಿದ್ದವು. ಬಂಗುಡೆ! ತೂಫಾನು ಕದಡಿದ ನೀರಿಗೆ ಮೀನು ಮೇಯಲು ಬರುತ್ತದೆ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ನೀರು ತಿಳಿಯಾದರೆ ಮತ್ತೆ ಆಳಕ್ಕೆ.

ಇವನು ಆಳುಗಳನ್ನು ಕಟ್ಟಿಕೊಂಡು ತನ್ನ ತುಂಡನ್ನು ನೀರಿಗೆ ಬಿಟ್ಟ. ಮೀನು ಬಂತು, ಬಲೆ ನೋಡಿತು, ಆಚೆ ಈಚೆ ಸರಿದು ಹೋಯಿತು. ಪಕ್ಕದಿಂದ ಅಟ್ಟಿ ತರುವವರು ಯಾರು? ಅತ್ತ ಊರಿನವರು ಎರಡು ಪಕ್ಕದ ಬಲೆ ಬಿಟ್ಟಿದ್ದರು. ಅವರಿಗೆ ನಡುವೆ ಬಾಗಿಲು ತೆರೆದ ಹಾಗೆ. ಮೀನು ಅಲ್ಲಿಂದ ಹೊರಟು ಹೋಯಿತು. ಅವರಿಗೂ ಇಲ್ಲ, ಇವನಿಗೂ ಇಲ್ಲ.

ಮಧ್ಯಾಹ್ನ ಇವನು ಖಾಲಿ ಬಲೆಯ ಪಕ್ಕ ಒಬ್ಬನೇ ಕೂತಿದ್ದ. ಆಳುಗಳೂ ಹೋಗಿದ್ದರು. ಊರಿನ ಬಲೆಯಲ್ಲಿ ಎಲ್ಲಕ್ಕಿಂತ ಸಣ್ಣ ತುಂಡು ಇದ್ದದ್ದು ಒಬ್ಬ ಮುದುಕಿಯದು. ಅವಳು ಆ ದಾರಿಯಲ್ಲಿ ಬಂದವಳು ನಿಂತಳು. ಬೈಯುತ್ತಾಳೆ ಎಂದು ಇವನು ತಲೆ ತಗ್ಗಿಸಿದ.

"ಹಗ್ಗದಲ್ಲಿ ನಿನ್ನ ಜಾಗ ಯಾರೂ ಹಿಡಿಲಿಲ್ಲೆ, ಮಗಾ," ಅಂದಳು. "ಹಾಂಗೇ ಖಾಲಿ ಇತ್ತ್."

ಅಷ್ಟೇ ಹೇಳಿ ಹೋದಳು.

ಇವನು ಎದ್ದ. ಒದ್ದೆ ಬಲೆ ಎಷ್ಟು ಭಾರ ಎಂದು ನಿಮಗೆ ಗೊತ್ತು. ಊರಿನವರು ಕೂತಲ್ಲಿಗೆ ಒಬ್ಬನೇ ಎಳೆದುಕೊಂಡು ಹೋದ. ಅವರು ಸರಿದು ಜಾಗ ಕೊಟ್ಟರು. ಹೊಲಿಯಲು ಕೂತರು. ಬಲೆಯ ಕಣ್ಣಿಗೆ ಕಣ್ಣು ಸೇರಿಸಿ ಹೊಲಿಯಬೇಕಲ್ಲ, ಸಂಜೆಯಾಯಿತು. ಮರುದಿನವೂ ಮಧ್ಯಾಹ್ನದವರೆಗೆ ಹಿಡಿಯಿತು. ಬಲೆ ಬಿಟ್ಟು ಎಳೆದಾಗ ಕಸ ಬಂತು, ಹೊಳೆಯ ಮರದ ಕೊಂಬೆ ಬಂತು, ಒಂದು ಬುಟ್ಟಿ ಚಿಲ್ಲರೆ ಮೀನು ಬಂತು. ನೀರು ತಿಳಿಯಾಗಿತ್ತು. ಬಂಗುಡೆ ಹೋಗಿತ್ತು.

ಮುದುಕಿ ಆ ಬುಟ್ಟಿಯನ್ನು ಹಂಚಿದಳು. ಇವನ ಪಾಲಿಗೆ ಬಂದದ್ದು ಎರಡು ಮೀನು. ಅವಳ ಪಾಲಿಗೂ ಎರಡೇ. ಬಹಳ ದಿನದ ಮೇಲೆ ಆ ಸಂಜೆ ಅವನು ಹೊಟ್ಟೆ ತುಂಬ ಉಂಡ ಎಂದು ಹೇಳುತ್ತಾರೆ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ನಡುವಿನ ತುಂಡು ಯಾರು? ದುಡಿದು ತರುವವನು ನಾನು, ಎಲ್ಲ ಬಂದು ಸೇರುವುದು ನನ್ನಲ್ಲಿ ಎನ್ನುವವರು ಯಾರು? ನಿಮ್ಮ ಕಡೆಗೆ ಅಟ್ಟಿ ಕೊಟ್ಟವರು ಯಾರೆಂದು ತಿರುಗಿ ನೋಡಿದ್ದೀರಾ? ಬೆಳಿಗ್ಗೆ ಬೆಂಕಿ ಹಚ್ಚುವ ಕೈ, ಹರಿದ ಬಲೆಗೆ ತೇಪೆ ಹಾಕುವ ಕೈ, ಅವು ಪಕ್ಕದ ಬಲೆ ಅಲ್ಲವೇ?

ಕತ್ತರಿಸಲು ಒಂದು ಬೀಡಿಯ ಹೊತ್ತು. ಸೇರಿಸಲು ಪೂರಾ ಒಂದು ದಿನ. ಮೀನು ಅಷ್ಟು ಕಾಯುವುದಿಲ್ಲ. ಆಯುಷ್ಯವೂ ಕಾಯುವುದಿಲ್ಲ.

ಆದ್ದರಿಂದ ದೊಡ್ಡದೇನೂ ಮಾಡಬೇಡಿ. ಕಡಲಿಗೆ ಹೋಗುವಾಗ ಯಾರದೋ ಒಂದು ಅಂಗಳ ತಪ್ಪಿಸಿ ಸುತ್ತಿ ಹೋಗುತ್ತೀರಲ್ಲ, ಯಾವ ಅಂಗಳ ಎಂದು ನಿಮಗೇ ಗೊತ್ತು. ನಾಳೆ ಅದೇ ಅಂಗಳದಲ್ಲಿ ಹಾದು ಹೋಗಿ. ಜಗಲಿಯಲ್ಲಿ ಕೂತು ಬೆಲ್ಲ-ನೀರು ಕೇಳಿ ಕುಡಿಯಿರಿ. ನಿಮ್ಮ ಜಾಗ ಅಲ್ಲಿ ಇನ್ನೂ ಖಾಲಿ ಇರಬಹುದು.