ಧಾರೇಶ್ವರದ ಸಬ್‌ಮರೀನು

...ಬಾಗಿಲು ಬಿಗಿಯಾಗಿ ಹಾಕಿದ್ಯಾ? ಈಗ ನಾವು ಮಾತಾಡಿದ್ದು ಎಂತದೂ ಅವರಿಗೆ ಕೇಳೂದಿಲ್ಲ ಅಲ್ದಾ? ಹಾಂ, ಹಂಗಾದ್ರೆ ಆತು. ನೋಡೇ ಸುಚಿತಾ, ಗಾಜಿನ ಆಚೆ ಹ್ಯಾಂಗೆ ಕೂತಿದ್ದಾರೆ ನಮ್ಮನೆಯವ್ರು! ಮದುವೆ ಮಂಟಪದಲ್ಲೂ ಇಷ್ಟು ನೆಟ್ಟಗೆ ಕೂತಿರ್ಲಿಲ್ಲ. ತಲೆ ಮೇಲೆ ಹೆಡ್‌ಫೋನು, ಕೈಯಲ್ಲಿ ನೀ ಕೊಟ್ಟ ಗುಂಡಿ... ಹಳೇ ನೌಕರಿ ನೆನಪಾಗಿರ್ಬೇಕು. ನೌಕಾಪಡೆಯಲ್ಲಿ ಇದ್ದಷ್ಟು ದಿನವೂ ಹಡಗಿನ ಹೊಟ್ಟೆಯೊಳಗೆ ಹಿಂಗೇ ಕೂತವ್ರು. ನೀರೊಳಗೆ ವೈರಿಯ ಸಬ್‌ಮರೀನು ಬಂತಾ, ಬರ್ಲಿಲ್ವಾ... ಕಿವಿಗೊಟ್ಟು ಕೂರೂದೇ ಕೆಲಸ. ‘ಕಮಲಾಕರನ ಕಿವಿ’ ಹೇಳಿದ್ರೆ ಹಡಗಿನಲ್ಲೆಲ್ಲ ಹೆಸರು!

ನೀ ಶುರು ಮಾಡು, ನಾ ಮಾತಾಡ್ತಾ ಇರ್ತೆ. ನೀ ಸದ್ದು ಕಳಿಸೂದು, ಕೇಳಿದ್ರೆ ಅವ್ರು ಗುಂಡಿ ಒತ್ತೂದು, ನಿನ್ನ ಮಶಿನ್ ಮೇಲೆ ಲೈಟ್ ಬರೂದು. ಅಷ್ಟೇ ಅಲ್ದಾ? ...ಬಂತು ನೋಡು! ನಾ ಹೇಳ್ಲಿಲ್ವಾ?

ಎಂತ? ನಾ ಹೊರಗೆ ಕೂರಬೇಕಾ? ಅಯ್ಯೋ ಬ್ಯಾಡ ಮಾರಾಯ್ತಿ! ನಾ ಕಾಣ್ದೇ ಹೋದ್ರೆ ಅವ್ರು ಎದ್ದೇ ಬಂದ್ಬಿಡ್ತಾರೆ. ನಾ ಎಂತದೂ ತೊಂದರೆ ಮಾಡೂದಿಲ್ಲ, ಇಲ್ಲೇ ಗಾಜಿನ ಹತ್ರ ಮೂಲೆಯಲ್ಲಿ ಇರ್ತೆ. ನಿನ್ನ ಅಮ್ಮ ಶಾಲೆಯಲ್ಲಿ ನನ್ನ ಬೆಂಚಿನವಳು, ಗೊತ್ತಿದ್ಯಲ್ಲ? ಕುಮಟೆಯಲ್ಲಿ ಕಿವಿ ನೋಡೂ ಮಗಳು ಇದ್ದಾಳೆ ಹೇಳಿ ಅವಳೇ ಕಳಿಸಿದ್ದು. ‘ಕಿವಿ ಸರಿ ಇದೆ’ ಹೇಳಿ ಒಂದು ಕಾಗದ ಬೇಕು, ಅಷ್ಟೇ. ಕಿವಿಗೆ ಎಂತದೂ ಆಗ್ಲಿಲ್ಲ ಅವರಿಗೆ... ಎಂತದೂ ಇಲ್ಲ.

ಕಾಗದ ಎಂತಕ್ಕೆ? ನಿಂಗೆ ಗೊತ್ತಿಲ್ವಾ? ಧಾರೇಶ್ವರದ ಸಬ್‌ಮರೀನಿನ ಸುದ್ದಿ ಹೊನ್ನಾವರ, ಭಟ್ಕಳ ದಾಟಿ ಹೋಯ್ತು, ಕುಮಟೆಯವಳು ನಿಂಗೇ ಗೊತ್ತಿಲ್ವಾ! ಹಂಗಾದ್ರೆ ಕೇಳು.

ರಿಟೈರ್ ಆಗಿ ಹೊಳನಗದ್ದೆಗೆ ಬಂದ್ರಲ್ಲ, ಬಂದವ್ರು ಎರಡು ವರ್ಷ ಸುಮ್ಮನೆ ಜಗಲಿ ಮೇಲೆ ಕೂತ್ರು. ಊಟಕ್ಕೆ ಕರೆದ್ರೆ ಊಟ, ಇಲ್ದಿದ್ರೆ ಇಲ್ಲ. ಯಾರಾದ್ರೂ ಬಂದು ಸಬ್‌ಮರೀನು ಹೇಳಿದ್ರೆ ಮಾತ್ರ ಬಾಯಿ ಬಿಡೂದು. ‘ಅಣುಶಕ್ತಿಯ ಸಬ್‌ಮರೀನಾದ್ರೆ ಹಿಡೀಬಹುದು. ಅದರ ಪಂಪು ನಿಲ್ಲಿಸೂಕಾಗೂದಿಲ್ಲ, ಹಳೇ ಫ್ರಿಜ್ಜಿನಂಗೆ ಯಾವಾಗ್ಲೂ ಗುಂಯ್ ಅಂತಿರ್ತದೆ. ಡೀಸೆಲ್ಲಿಂದು ಹಂಗಲ್ಲ. ಇಂಜಿನ್ ಬಂದ್ ಮಾಡಿ ಬ್ಯಾಟರಿ ಮೇಲೆ ಹೊರಟ್ರೆ ಬೆಕ್ಕು ಅಡಿಗೆಮನೆ ಹೊಕ್ಕಂಗೆ! ಬ್ಯಾಟರಿ ಮುಗಿದು, ಮೇಲೆ ಬಂದು, ಕೊಳವೆ ಎತ್ತಿ ಇಂಜಿನ್ ಹಾಕೂ ತನಕ ಕಾಯ್ಬೇಕು. ಅದ್ರಲ್ಲೂ ನಮ್ಮ ದಂಡೆಯಲ್ಲಿ ನೀರು ಆಳ ಇಲ್ಲ. ಶೆಟ್ಲಿ, ಅದೇ ಸಿಗಡಿ, ಅದರ ಚಟಪಟ, ಬೋಟಿನ ಇಂಜಿನ್ನು, ತೆರೆ... ಸಂತೆ ನಡುವೆ ಪಿಸುಮಾತು ಹುಡುಕಿದಂಗೆ!’ ಕೇಳಿ ಕೇಳಿ ನಂಗೇ ಬಾಯಿಪಾಠ ಆಗಿ ಹೋಗದೆ.

...ಮತ್ತೆ ಬಂತು ಲೈಟು. ಚಲೋ ಆತು.

ಹಾಂ, ಈ ವರ್ಷ ಮಳೆ ಬಿಟ್ಟ ಮೇಲೆ ಎಂತ ಹೊಳೀತೋ, ಒಂದು ಹಳೇ ಮೈಕು ತಂದ್ರು. ಯಕ್ಷಗಾನದವ್ರು ಎಸೆದದ್ದು. ಅದನ್ನ ಡಬ್ಬಿಯೊಳಗಿಟ್ಟು, ನನ್ನ ತೆಂಗಿನೆಣ್ಣೆ ಪೂರಾ ಸುರಿದು, ಬಾಯಿ ಕಟ್ಟಿ, ವೆಂಕ್ಟ್ರಮಣನ ದೋಣಿ ಮೇಲೆ ಹೋಗಿ ಧಾರೇಶ್ವರದ ಎದುರಿಗೆ ಸಮುದ್ರಕ್ಕೆ ಇಳಿಸಿದ್ರು. ನಗಬ್ಯಾಡ! ಅವತ್ತು ಮನೆಗೆ ಬಂದವ್ರ ಮುಖ ನೀ ನೋಡ್ಬೇಕಿತ್ತು. ‘ವನಮಾಲಾ, ಶೆಟ್ಲಿ ಕೇಳ್ತು! ಎಣ್ಣೆಯಲ್ಲಿ ಸಾಸಿವೆ ಸಿಡಿದಂಗೆ!’ ಹೇಳಿ ಮಗುವಿನಂಗೆ ಕುಣಿದ್ರು. ದಿನಾ ಹೋದ್ರು. ಬರ್ತಾ ಬರ್ತಾ ‘ಇವತ್ತು ಸಾಸಿವೆ ಕಮ್ಮಿ’ ಹೇಳೂಕೆ ಶುರು ಮಾಡಿದ್ರು. ‘ಇವತ್ತು ಇನ್ನೂ ಕಮ್ಮಿ.’ ಒಂದು ದಿನ ಚಪ್ಪಲಿಯನ್ನೂ ಬಿಡ್ದೆ ನೆಟ್ಟಗೆ ಒಳಗೆ ಬಂದು ನಿಂತ್ರು... ‘ವನಮಾಲಾ, ಸಮುದ್ರ ಸುಮ್ಮನಾಗದೆ.’

‘ಸುಮ್ಮನಾದ್ರೆ ಚಲೋ ಆತಲ್ಲ’ ಹೇಳ್ದೆ ನಾನು.

‘ಮಂಕೇ! ಸಮುದ್ರ ಸುಮ್ಮನಾಗೂದು ಹೇಳಿ ಇಲ್ಲ. ಎಂತದೋ ದೊಡ್ಡದು ಅಡ್ಡ ಬಂದು ನಿಂತದೆ. ಇಷ್ಟು ಸದ್ದಿಲ್ಲದ ಸಬ್‌ಮರೀನು ನನ್ನ ಸರ್ವಿಸಿನಲ್ಲೇ ನಾ ಕಾಣ್ಲಿಲ್ಲ!’

ಹೌದು ಹೌದು, ವೆಂಕ್ಟ್ರಮಣನೂ ಹೆಡ್‌ಫೋನು ಹಾಕಂಡು ನೋಡಿದ. ‘ಕಮಲಾಕ್ರಣ್ಣ, ನಂಗೆ ಚಟಪಟ ಕೇಳ್ತದಲ್ಲ’ ಅಂದ. ಇವ್ರು ಹೇಳಿದ್ರು, ‘ಅದು ನಿನ್ನ ಕಿವಿ ಇನ್ನೂ ತಯಾರಾಗ್ಲಿಲ್ಲ. ಇದ್ದದ್ದನ್ನ ಯಾರು ಬೇಕಾದ್ರೂ ಕೇಳ್ತಾರೆ. ಇಲ್ಲದ್ದನ್ನ ಕೇಳೂಕೆ ಟ್ರೇನಿಂಗ್ ಬೇಕು.’ ಒಂದು ವಾರ ಹೋಗ್ಲಿಲ್ಲ, ವೆಂಕ್ಟ್ರಮಣನಿಗೂ ಎಂತದೂ ಕೇಳೂದಿಲ್ಲ! ಅವನ ಅಣ್ಣಂಗೂ ಕೇಳೂದಿಲ್ಲ! ದಂಡೆಯ ಅರ್ಧ ಜನ ಆ ಹೆಡ್‌ಫೋನು ಹಾಕಂಡು ‘ಹೌದೌದು, ಎಂತದೂ ಇಲ್ಲ, ಸಬ್‌ಮರೀನೇ ಸೈ’ ಹೇಳಿ ತಲೆಯಾಡಿಸಿದ್ರು. ದಡ್ಡ ಅನ್ನಿಸ್ಕಳ್ಳೂಕೆ ಯಾರಿಗೆ ಮನಸಿದೆ ಹೇಳು?

ಆಮೇಲಿಂದು ಹೇಳಿದ್ರೆ ನೀ ನಂಬೂದಿಲ್ಲ. ಬೋಟುಗಳು ಆ ಜಾಗ ಬಿಟ್ಟು ಸುತ್ತು ಹಾಕಿ ಹೋಗೂಕೆ ಹತ್ತಿದವು. ಭಟ್ಕಳ ಬಂದರದಿಂದ ಫೋನು, ‘ಸಾಬ್ರಿಗೆ ಕೇಳಿ, ನಾವು ಬಲೆ ಹಾಕೂದಾ ಬ್ಯಾಡ್ವಾ?’ ಓಂ ಬೀಚಿನಿಂದ ಇಬ್ಬರು ಬಿಳಿಯರು ಸ್ಕೂಟರ್ ಮೇಲೆ ಬಂದು, ಕಾಣದ ಸಬ್‌ಮರೀನಿನ ಫೋಟೋ ತೆಗಕಂಡು ಹೋದ್ರು! ನಮ್ಮನೆಯವ್ರು ದಂಡೆ ಮೇಲೆ ಯಾರೂ ಜೋರಾಗಿ ಮಾತಾಡಬಾರದು ಹೇಳಿ ಕಟ್ಟಪ್ಪಣೆ ಮಾಡಿದ್ರು. ಮೀನು ಮಾರೂ ಗಂಗೆ ಇದ್ದಾಳಲ್ಲ, ಅವಳ ಕೂಗು ಕೇಳಿದ್ರೆ ಧಾರೇಶ್ವರದ ದೇವರೂ ಎದ್ದು ಕೂರ್ಬೇಕು... ಅವಳು ಮನೆ ಮನೆ ಬಾಗಿಲಿಗೆ ಹೋಗಿ ಕಿವಿಯಲ್ಲಿ ಹೇಳೂದು, ‘ಬಂಗಡೆ... ಬಂಗಡೆ ಇದ್ದು... ತಾಜಾ...’ ಕದ್ದ ಮಾಲು ಮಾರಿದಂಗೆ!

ಅಯ್ಯಯ್ಯೋ, ನಗು, ನಗು. ನಂಗೂ ನಗು ಬರ್ತಿತ್ತು. ಸೆರಗು ಬಾಯಿಗೆ ಒತ್ಕಂಡು ನಗ್ತಿದ್ದೆ. ...ಹಾಂ, ಲೈಟು ಬಂತು. ನೋಡ್ದೆ ನಾನು.

ಮನೆಯೊಳಗಾ? ಮನೆಯೊಳಗೂ ಹಂಗೇ ಇತ್ತು. ಇವ್ರು ನಮ್ಮ ಮಿಕ್ಸರನ್ನ ಹೊಗಳಿದ್ದೇ ಹೊಗಳಿದ್ದು. ‘ಭಾರೀ ಚಲೋ ಮಿಕ್ಸರು, ಸದ್ದೇ ಇಲ್ಲ!’ ಆಚೆಮನೆ ಶ್ರೀಗೌರಿ ಅದನ್ನ ನಿಜ ಹೇಳಿ ತಿಳ್ಕಂಡು ನೋಡೂಕೆ ಬಂದಿದ್ಲು... ಎಂತಕ್ಕೆ ನನ್ನ ಹಂಗೆ ನೋಡ್ತೆ? ಮಿಕ್ಸರು ಚಲೋದೇ ಅದೆ. ಸ್ವಲ್ಪ ಸದ್ದು ಮಾಡ್ತದೆ, ಅಷ್ಟೇ. ನೀ ನಿನ್ನ ಕೆಲಸ ಮಾಡು.

ಆಮೇಲೆ ನೌಕಾಪಡೆಯ ಆಫೀಸರು ಬಂದ್ರು. ಇವ್ರು ನನ್ನ ಹತ್ರ ಫೋನ್ ಮಾಡಿಸ್ದೆ ಬಿಡ್ತಾರಾ? ಜೀಪು ಬಂತು. ಚಿಕ್ಕ ವಯಸ್ಸಿನ ಆಫೀಸರು, ಭಾರೀ ಮರ್ಯಾದಿಯವ. ‘ಸರ್, ಸಾಕ್ಷಿ ಎಂತದು?’ ಕೇಳಿದ. ‘ಎಂತದೂ ಕೇಳೂದಿಲ್ಲ, ಅದೇ ಸಾಕ್ಷಿ’ ಹೇಳಿದ್ರು ಇವ್ರು, ಅವನ ತುಟಿಯನ್ನೇ ನೋಡ್ತಾ. ಅವ ತಲೆ ಕೆರ್ಕಂಡು, ‘ನಮ್ಮ ಯಂತ್ರದಲ್ಲೂ ಎಂತದೂ ಕೇಳ್ಲಿಲ್ಲ ಸರ್’ ಅಂದ. ಇವ್ರು ಮೇಜು ಗುದ್ದಿದ್ರು, ‘ನೋಡಿ! ಇಬ್ಬರದ್ದೂ ತಾಳೆ ಆತು!’

ಅವ ಸಣ್ಣ ಹುಡುಗ. ಆದ್ರೂ ಬುದ್ಧಿವಂತ. ‘ಸರ್, ಒಂದು ಪರೀಕ್ಷೆ ಮಾಡೂವಾ’ ಹೇಳಿದ. ಇವರ ಕಣ್ಣಿಗೆ ಟವೆಲ್ ಕಟ್ಟಿ ದೋಣಿಯಲ್ಲಿ ಕೂರಿಸೂದು, ಹೊನ್ನಾವರದ ಒಂದು ಬೋಟು ದೂರದಲ್ಲಿ ಸುತ್ತೂದು, ಇವ್ರು ಬರೀ ಕಿವಿಯಿಂದ ಅದು ಎಲ್ಲಿದೆ ಹೇಳಿ ಕೈ ತೋರಿಸೂದು. ತೋರಿಸಿದ್ರು, ಸುಚಿತಾ! ಎಡಕ್ಕೆ ಅಂದ್ರೆ ಎಡಕ್ಕೆ! ಬಲಕ್ಕೆ ಅಂದ್ರೆ ಬಲಕ್ಕೆ! ಒಂದು ಸಲವೂ ತಪ್ಪಲಿಲ್ಲ. ಆ ಹುಡುಗ ಆಫೀಸರು ದೋಣಿಯಲ್ಲೇ ಎದ್ದು ನಿಂತು ಸೆಲ್ಯೂಟ್ ಹೊಡೆದ, ದೋಣಿ ಮಗುಚೂದೊಂದು ಬಾಕಿ!

ನಾನಾ? ನಾನೂ ದೋಣಿಯಲ್ಲಿ ಇದ್ದೆ. ಅವಲಕ್ಕಿ ಡಬ್ಬಿ ಹಿಡ್ಕಂಡು ಅವರ ಬೆನ್ನ ಹಿಂದೆ ಕೂತಿದ್ದೆ. ಹಸಿವೆ ತಡ್ಕಳೂದಿಲ್ಲ ಅವ್ರಿಗೆ... ಅದೆಲ್ಲ ಈಗ ಎಂತಕ್ಕೆ?

ಅಲ್ಲಿಗೆ ಹುಚ್ಚು ಇಳೀಬೇಕಿತ್ತು ಅಲ್ದಾ? ಏರ್ತು! ಇಂಥಾ ಕಿವಿ ಸುಳ್ಳು ಹೇಳೂದಿಲ್ಲ ಹೇಳಿ ದೊಡ್ಡ ಹಡಗೇ ಬಂತು, ಹೆಲಿಕಾಪ್ಟರ್ ಬಂತು, ಸಮುದ್ರಕ್ಕೆ ಎಂತೆಂತದೋ ಇಳಿಸಿದ್ರು. ಸಿಕ್ಕಿದ್ದು ಎಂತ? ಭಟ್ಕಳದವ್ರ ಕಳೆದು ಹೋದ ಒಂದು ಬಲೆ! ನಾ ಅಂದ್ಕಂಡೆ, ಮುಗೀತು, ಮರ್ಯಾದೆ ಹೋತು. ಇಲ್ಲ! ‘ನಾವು ಬರೂ ಸುಳಿವು ಹತ್ತಿ ಜಾರಿಕಂಡದೆ. ಇಷ್ಟು ಹುಡುಕಿದ್ರೂ ಸಿಗ್ಲಿಲ್ಲ ಹೇಳಿದ್ರೆ ಎಷ್ಟು ಸದ್ದಿಲ್ಲದ್ದಿರ್ಬೇಕು!’ ಹೇಳಿ ಎಲ್ಲರೂ ತಲೆದೂಗಿದ್ರು. ಮುಂದಿನ ತಿಂಗಳು ಹೊಸ ಹುಡುಗರಿಗೆ ಪಾಠ ಹೇಳೂಕೆ ಬನ್ನಿ ಹೇಳಿ ಕರೆದಿದ್ದಾರೆ. ನೀರೊಳಗಿನ ಸದ್ದು ಕೇಳೂ ಪಾಠ. ಅದಕ್ಕೇ ಈ ಕಿವಿಯ ಕಾಗದ.

ನಿಂಗೆ ತಮಾಷೆ ಕಾಣ್ತದೆ. ನಂಗೆ... ಎರಡು ವರ್ಷ ಗೋಡೆ ನೋಡ್ತಾ ಕೂತ ಮನುಷ್ಯ ಈಗ ಬೆಳಿಗ್ಗೆ ಎದ್ದು ಗಡ್ಡ ತೆಗೀತಾರೆ. ದೋಸೆಗೆ ಚಟ್ನಿ ಮತ್ತೆ ಹಾಕು ಅಂತಾರೆ. ಕನ್ನಡಿ ಮುಂದೆ ನಿಂತು ಪಾಠ ಹೇಳಿ ನೋಡ್ತಾರೆ, ಗೊತ್ತಿದ್ಯಾ? ಅಷ್ಟು ಜೋರಾಗಿ ಹೇಳ್ತಾರೆ, ರಸ್ತೆಗೆ ಕೇಳ್ತದೆ... ಒಂದು ಕಾಗದ, ಅಷ್ಟೇ. ಇಷ್ಟು ಹೊತ್ತು ಒಂದೂ ತಪ್ಪಲಿಲ್ಲ ಅಲ್ದಾ? ನೀನೇ ನೋಡ್ದೆಯಲ್ಲ?

ಎಂತಕ್ಕೆ ಸುಮ್ಮನಾದೆ? ಮುಗೀತಾ? ಅಬ್ಬಾ... ಎಂತಾ ಸೆಖೆ ಮಾರಾಯ್ತಿ ಇಲ್ಲಿ, ಸೆರಗೆಲ್ಲ ಒದ್ದೆ...

ನೋಡು, ಲೈಟ್ ಬಂತು! ಸಣ್ಣ ಸದ್ದೂ ಕೇಳ್ತದೆ ಅವ್ರಿಗೆ, ನನಗಂತೂ...

ಎಂತ ಆತು? ನಿನ್ನ ಕೈ... ನೀ ಕೈ ಕಟ್ಕಂಡು ಕೂತಿದ್ಯಲ್ಲ. ಸದ್ದು ಕಳಿಸ್ಲಿಲ್ವಾ? ಯಾವಾಗಿಂದ ಕಳಿಸ್ಲಿಲ್ಲ?

ಮಾತಾಡೇ, ಸುಚಿತಾ. ಸೆರಗನ್ನ ಎಂತಕ್ಕೆ ನೋಡ್ತೆ? ಸೆಖೆ ಆತು, ಸರಿ ಮಾಡ್ಕಂಡೆ. ಹೆಂಗಸರು ಸೆರಗು ಮುಟ್ಟೂದೂ ತಪ್ಪಾ? ಅವರ ಬೆರಳು ಜಾರಿರ್ಬೇಕು, ವಯಸ್ಸಾತು...

ಕುರ್ಚಿ ತಿರುಗಿಸೂದಾ? ಗೋಡೆ ಕಡೆಗೆ? ಎಂತಕ್ಕೆ? ...ಆತು. ಆತು, ತಿರುಗಿದೆ. ನಂಗೆಂತ ಹೆದರಿಕೆ? ಕಳಿಸು.

ಕಳಿಸಿದ್ಯಾ? ...ಬಂತಾ ಲೈಟು?

ಮೊದಲನೇದು ಅಲ್ದಾ, ಲಕ್ಷ್ಯ ಇರ್ಲಿಲ್ಲ. ಇನ್ನೊಂದು ಕಳಿಸು. ಸ್ವಲ್ಪ ಜೋರು ಮಾಡು. ...ಈಗ? ಈಗ ಬಂತಾ? ಹೇಳೇ, ನಂಗೆ ಇಲ್ಲಿಂದ ಕಾಣೂದಿಲ್ಲ. ಇನ್ನೂ ಜೋರು... ಇನ್ನೂ...

ಸುಚಿತಾ... ಈಗ ನಂಗೇ ಕೇಳ್ತು. ಗಾಜಿನ ಒಳಗಿಂದ, ಕುಂಯ್ಯ್ ಹೇಳಿ... ಅಷ್ಟು ಜೋರು ಕೊಟ್ಟೆಯಾ?

ಬಂತು ಹೇಳು. ಒಂದು ಸಲ ‘ಬಂತು’ ಹೇಳು.

...ದೋಣಿಯಲ್ಲಿ ಬೆನ್ನ ಮೇಲೆ ಕೈ ಇಟ್ಟಿದ್ದೆ, ಅಷ್ಟೇ. ಬೋಟು ಎಡಕ್ಕೆ ಬಂದ್ರೆ ಎಡ ಭುಜ ಒತ್ತೂದು, ಬಲಕ್ಕೆ ಬಂದ್ರೆ ಬಲ. ಹಿಂಗೆ ಮಾಡೂವಾ ಹೇಳಿ ನಾವಿಬ್ರು ಮಾತಾಡ್ಕಳ್ಲಿಲ್ಲ, ದೇವರಾಣೆ! ಒಂದು ದಿನವೂ ಆ ಮಾತು ಬಾಯಿಗೆ ತರ್ಲಿಲ್ಲ, ಅವರೂ ತರ್ಲಿಲ್ಲ, ನಾನೂ ತರ್ಲಿಲ್ಲ. ಇವತ್ತು ಕೂಡ, ನಿನ್ನ ಬೆರಳು ನೋಡಿ ನೋಡಿ... ಬಸ್ಸಿನಲ್ಲಿ ಬರೂವಾಗೂ ಎಂತದೂ ಹೇಳ್ಲಿಲ್ಲ. ಇಲ್ಲಿ ಬಂದು ಕೂತೆ, ಸೆರಗು ಮುಟ್ಟಿದೆ, ಅವ್ರು ಒತ್ತಿದ್ರು.

ಎಂತ ಮಾಡ್ತಾ ಇದ್ದಾರೆ ಈಗ? ಈ ಕಡೆ ನೋಡ್ತಾ ಇದ್ದಾರಾ? ...ನನ್ನ ಬೆನ್ನನ್ನೇ ನೋಡ್ತಾ ಇದ್ದಾರಾ?

ಬಾಗಿಲು ನೀನೇ ತೆಗಿ, ಸುಚಿತಾ. ನಾ ತಿರುಗಿದ್ರೆ... ಅವ್ರು ಒತ್ತಿ ಬಿಡ್ತಾರೆ.