ಕೊನೆಯ ಹಾಡಿಗೆ ಬಂದವಳು

ಸ್ವಲ್ಪ ಹತ್ತಿರ ಬನ್ನಿ. ಇದನ್ನ ಗಟ್ಟಿಯಾಗಿ ಹೇಳೋಕೆ ನನಗೆ ಮನಸ್ಸಿಲ್ಲ... ಗಿಳಿಯಕ್ಕನೂ ನನಗೆ ಪಿಸುಮಾತಲ್ಲೇ ಹೇಳಿದ್ದು.

ಗಿಳಿಯಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. ಬಾಯಿಗೆ ಬಿಡುವಿಲ್ಲ ಅಂತ ಚಿಕ್ಕಂದಿನಲ್ಲೇ ಬಿದ್ದ ಹೆಸರು. ಆ ರಾತ್ರಿ ಅವಳು ಪರದೇಶದ ಒಂದು ಸಣ್ಣ ಊರಲ್ಲಿ ಪ್ರದರ್ಶನ ಮುಗಿಸಿ, ಮಲಗೋ ಮನೆ ಕಡೆ ನಡೀತಿದ್ದಳು. ಜೊತೆಗೆ ತಂಡದ ಗೆಳತಿ. ಕಿರಿದಾದ ಓಣಿ. ಒಂದು ಕಡೆ ಶಾಲೆಯ ಕಾಂಪೌಂಡು, ಇನ್ನೊಂದು ಕಡೆ ಬಾಗಿಲು ಹಾಕಿದ ಮನೆಗಳು. ಕಾಂಪೌಂಡು ಮುಗಿಯೋ ಕಡೆ... ಬಾವಿ.

ಇವಳು ಅಲ್ಲಿಗೆ ಹೋಗಿದ್ದು ಯಾಕೆ ಅಂದ್ರೆ, ಬೇರೆ ಬೇರೆ ದೇಶದ ಹುಡುಗ ಹುಡುಗಿಯರದೊಂದು ತಂಡ ಸೇರಿದ್ದಳು. ವರ್ಷಪೂರ್ತಿ ಬಸ್ಸಲ್ಲಿ ಊರೂರು ಸುತ್ತೋದು. ಹಗಲಲ್ಲಿ ಊರಿನ ಕೆಲಸ. ಶಾಲೆಗೆ ಸುಣ್ಣ ಬಳಿಯೋದು, ಚರಂಡಿಯ ಹೂಳು ಎತ್ತೋದು, ವೃದ್ಧಾಶ್ರಮದಲ್ಲಿ ಅಜ್ಜಿಯರ ತಲೆ ಬಾಚೋದು. ಸಂಜೆ ಹಾಡು, ಕುಣಿತ. ರಾತ್ರಿ ಊರವರ ಮನೆಗಳಲ್ಲಿ ಇಬ್ಬಿಬ್ಬರು ಮಲಗೋದು. ಹೊರಡೋ ಮುಂಚೆ ದೊಡ್ಡಪ್ಪ ಕೇಳಿದ್ರಂತೆ, "ಕುಣಿಯೋಕೆ ಹೋಗ್ತೀಯೋ, ಚರಂಡಿ ಎತ್ತೋಕೆ ಹೋಗ್ತೀಯೋ, ಒಂದು ಹೇಳು."

"ಎರಡೂ ಅಪ್ಪ."

"ಎರಡನ್ನೂ ಇಲ್ಲೇ ಮಾಡಬಹುದಿತ್ತು," ಅಂದು ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು.

ಜೊತೆಗಿದ್ದ ಗೆಳತಿಗೆ ಅಕ್ಕ ಇಟ್ಟ ಹೆಸರು ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಮಾತು ಕಮ್ಮಿ. ಅವಳು ಯಾವುದೋ ದೇಶದವಳು, ಇವಳು ಯಾವುದೋ ದೇಶದವಳು. ಹರಕುಮುರುಕು ಇಂಗ್ಲಿಷಿನಲ್ಲೇ ಸ್ನೇಹ. ನಾನು ಎಲ್ಲರ ಮಾತನ್ನೂ ನಮ್ಮ ಮಾತಲ್ಲೇ ಹೇಳ್ತೀನಿ.

ಆ ಊರಲ್ಲಿ ತಂಡಕ್ಕೆ ಸಿಕ್ಕ ಕೆಲಸ ಬಾವಿಯದ್ದೇ. ಎಷ್ಟೋ ವರ್ಷದಿಂದ ಅದರ ಬಾಯಿಗೆ ಹಲಗೆ ಬಡಿದು, ಮೇಲೆ ಕಸ ಸುರಿದಿದ್ದರು. ಮಕ್ಕಳ ತೋಟಕ್ಕೆ ನೀರು ಬೇಕು, ಬಿಡಿಸಿಕೊಡಿ ಅಂತ ಮುಖ್ಯೋಪಾಧ್ಯಾಯರು ಕೇಳಿದ್ದರು. ಅವರು ಊರಿಗೆ ಹೊಸಬರು. ಹುಡುಗರು ಸರಳು ಹಾಕಿ ಮೀಟಿದಾಗ ಹಲಗೆಯ ಮೊಳೆಗಳು ಕೀಂಯ್... ಕೀಂಯ್... ಅಂತ ಒಂದೊಂದಾಗಿ ಎದ್ದವು. ಆ ಸದ್ದಿಗೆ ಓಣಿಯ ಕಿಟಕಿಗಳೆಲ್ಲ ಮುಚ್ಚಿಕೊಂಡವಂತೆ. ಅಕ್ಕ ನೋಡಿದಳು. ಧೂಳಿಗೆ ಹೆದರಿ ಮುಚ್ಚಿರಬೇಕು ಅಂದುಕೊಂಡಳು. ಸಂಜೆ ಹೊತ್ತಿಗೆ ಬಾವಿಗೆ ಕಬ್ಬಿಣದ ಬಲೆ ಹಾಸಿ, ಕೈಕಾಲು ತೊಳೆದು, ಹಳದಿ ಸ್ಕರ್ಟು ಹಾಕಿಕೊಂಡು ವೇದಿಕೆ ಹತ್ತಿದರು.

ಈಗ ರಾತ್ರಿ. ಅದೇ ಬಾವಿಯ ಪಕ್ಕ ಬಂದಾಗ ಕೊಕ್ಕರೆ ಕೇಳಿದಳು, "ಇವತ್ತು ಕೊನೆ ಹಾಡಿಗೆ ಯಾಕೆ ಯಾರನ್ನೂ ಕರೆದುಕೊಂಡು ಬರಲಿಲ್ಲ?"

ಕೊನೆ ಹಾಡು ಅಂದ್ರೆ, ಆಗ ತಂಡದವರೆಲ್ಲ ಕೆಳಗಿಳಿದು ಜನರ ಮಧ್ಯೆ ಹೋಗಬೇಕು. ಒಬ್ಬೊಬ್ಬರ ಕೈ ಹಿಡಿದು ವೇದಿಕೆಗೆ ಕರೆತಂದು ಜೊತೆಗೆ ಕುಣಿಸಬೇಕು.

"ಕರೆತಂದೆನಲ್ಲ," ಅಂದಳು ಅಕ್ಕ. "ಗೋಡೆ ಹತ್ತಿರ ನಿಂತಿದ್ದಳಲ್ಲ, ಆ ಹುಡುಗಿ. ಎಷ್ಟು ಚೆನ್ನಾಗಿ ಕುಣಿದಳು."

ಕೊಕ್ಕರೆ ನಿಂತುಬಿಟ್ಟಳು. "ನಾನು ನಿನ್ನ ಪಕ್ಕದಲ್ಲೇ ಇದ್ದೆ. ನೀನು ಒಬ್ಬಳೇ ಕುಣಿದೆ. ಕೈ ಹೀಗೆ ಚಾಚಿಕೊಂಡು..."

ಆ ಹುಡುಗಿಯ ಕೈ ತಣ್ಣಗಿತ್ತು, ಒದ್ದೆಯಿತ್ತು ಅನ್ನೋದು ಆಗ ನೆನಪಾಯಿತು. ಬೆವರು ಅಂದುಕೊಂಡಿದ್ದಳು.

"ಬೇಗ ನಡಿ," ಅಂದಳು.

ಇಬ್ಬರೂ ನಡೆದರು. ಚಪ್ಪಲಿ ಸದ್ದು ಎರಡು. ಅವುಗಳ ಹಿಂದೆ... ಪಚಕ್. ಪಚಕ್. ಒದ್ದೆ ಬರಿಗಾಲು ಸಿಮೆಂಟಿನ ಮೇಲೆ ಬಿದ್ದರೆ ಬರುತ್ತಲ್ಲ, ಆ ಸದ್ದು. ಇವರು ನಿಂತರೆ ಅದೂ ನಿಲ್ಲುತ್ತೆ. ಕೊಕ್ಕರೆ ಅಕ್ಕನ ಎಡಗೈ ಹಿಡಿದುಕೊಂಡಳು. ಬಲಗೈ... ಅದು ಆಗಲೇ ತಣ್ಣಗಾಗಿತ್ತು. ಅದನ್ನ ಬೇರೆ ಯಾರೋ ಹಿಡಿದಿದ್ದರು.

ಅವರು ಇಳಿದುಕೊಂಡಿದ್ದು ಒಬ್ಬ ದರ್ಜಿ ಹೆಂಗಸಿನ ಮನೆ, ಆಂಟಿ ಅಂತ ಕರೀತಿದ್ದರು. ಗಂಡ ಲಾರಿ ಓಡಿಸೋನು, ವಾರಗಟ್ಟಲೆ ಹೊರಗೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಗೋಡೆ ತುಂಬ ನೇತುಹಾಕಿದ ಅರ್ಧ ಹೊಲಿದ ಬಟ್ಟೆ. ಒಳ್ಳೆ ಜೀವ. ಬಂದ ದಿನವೇ ಇಬ್ಬರ ಬಟ್ಟೆಯ ಬಿಟ್ಟ ಹೊಲಿಗೆಗಳನ್ನೆಲ್ಲ ಕೇಳದೇನೇ ಹಾಕಿಕೊಟ್ಟಿದ್ದರು. ಪ್ರದರ್ಶನಕ್ಕೆ ಮಾತ್ರ ತಲೆನೋವು ಅಂತ ಬಂದಿರಲಿಲ್ಲ.

ಬಾಗಿಲು ತೆಗೆದರು. ಕೊಕ್ಕರೆ ಒಳಗೆ ಹೋದಳು, ಅಕ್ಕ ಹೋದಳು. ಆಂಟಿ ಬಾಗಿಲು ಹಾಕಲಿಲ್ಲ. ಕದ ಹಿಡಿದುಕೊಂಡು ಅಕ್ಕನ ಬಲಗಡೆ, ಭುಜಕ್ಕಿಂತ ಒಂಚೂರು ಕೆಳಗೆ, ನೋಡುತ್ತಾ ನಿಂತರು. ಆಮೇಲೆ... ಇನ್ನೊಬ್ಬರಿಗೆ ದಾರಿ ಬಿಡೋ ಹಾಗೆ ಪಕ್ಕಕ್ಕೆ ಸರಿದರು. ಆಮೇಲೆ ಚಿಲಕ ಹಾಕಿದರು. ಟಕ್.

"ವೇದಿಕೆಗೆ ಯಾರನ್ನ ಕರೆದೆ ಮರಿ?"

"ಒಬ್ಬ ಹುಡುಗಿ ಆಂಟಿ. ತೆಳ್ಳಗಿದ್ದಳು. ಒಂದೇ ಜಡೆ. ಅಂಗಿಯ ತೋಳಿನ ಹೊಲಿಗೆ ಬಿಚ್ಚಿಹೋಗಿತ್ತು."

"ಎಡಗಡೆ ತೋಳು."

ಅಕ್ಕ ತಲೆಯಾಡಿಸಿದಳು.

ಆಂಟಿ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಕೂತರು ಅಂದ್ರೆ ಕುಸಿದರು. "ನಾನೇ ಹಾಕಿಕೊಡ್ತೀನಿ ಅಂದಿದ್ದೆ. ಈಗ ಕೈ ತುಂಬ ಕೆಲಸ, ಸಂಜೆ ಬಾ ಅಂದಿದ್ದೆ."

ತುಂಬ ವರ್ಷದ ಹಿಂದೆ ಆ ಊರಿಗೆ ಇಂಥದ್ದೇ ಒಂದು ತಂಡ ಬಂದಿತ್ತಂತೆ. ಆಂಟಿಯ ತಂಗಿ ಆಗ ಶಾಲೆ ಮುಗಿಸಿ ಮನೆಯಲ್ಲಿದ್ದಳು. ಕೊನೆ ಹಾಡಿಗೆ ಯಾರೋ ಕೈ ಹಿಡಿದು ವೇದಿಕೆಗೆ ಕರೆದೊಯ್ದರು. ಅಷ್ಟೇ, ಮರುಳಾದಳು. ನೀನೂ ಬಾ ಅಂತ ತಂಡದವರೂ ಕರೆದರು. ಅಪ್ಪ ಒಪ್ಪಲಿಲ್ಲ. ತಂಡದ ಬಸ್ಸು ಹೊರಡೋವರೆಗೆ ಅವಳನ್ನ ಕೋಣೆಯಲ್ಲಿ ಕೂಡಿಹಾಕಿದರು. ಬಸ್ಸು ಹೋದ ಮೇಲೆ ಬಾಗಿಲು ತೆಗೆದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಆಂಟಿಯ ಹತ್ತಿರ ಹೋಗಿ ತೋಳು ಹೊಲಿದುಕೊಡು ಅಂದಳು. ಸಂಜೆ ಬಾ ಅಂದಾಗ ಆಗಲಿ ಅಂತ ಕೊಡ ಎತ್ತಿಕೊಂಡು ನೀರಿಗೆ ಹೋದಳು.

"ಕಾಲು ಜಾರಿತೋ, ಹಾರಿದಳೋ... ಊರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹಲಗೆ ಬಡಿದುಬಿಟ್ಟರು."

ಕೊಕ್ಕರೆ ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದಳು. ಅಕ್ಕ ಬಲಗೈಯನ್ನ ತನ್ನದಲ್ಲ ಅನ್ನೋ ಹಾಗೆ ಮೈಯಿಂದ ದೂರ ಹಿಡಿದಿದ್ದಳು.

"ಎಷ್ಟು ಸಲ ಕರೆದೆ," ಅಂದರು ಆಂಟಿ. "ಆ ಹಲಗೆಗೆ ಬಾಯಿ ಹಚ್ಚಿ ಕರೆದಿದ್ದೀನಿ, ಮನೆಗೆ ಬಾ ಅಂತ. ಬರಲಿಲ್ಲ. ನೀನು ಒಂದು ಸಲ ಕೈ ಹಿಡಿದೆ... ಬಂದುಬಿಟ್ಟಳು. ನಾಳೆ ಹೋಗುವಾಗ ಅವಳನ್ನ ಇಲ್ಲೇ ಬಿಟ್ಟು ಹೋಗು ಮರಿ. ಇಷ್ಟೇ ನಾನು ಕೇಳೋದು."

"ಹೇಗೆ ಬಿಡಲಿ ಆಂಟಿ?"

"ಕೈ ಬಿಡು."

"ನಾನು ಹಿಡಿದಿಲ್ಲ," ಅಂದಳು ಅಕ್ಕ. "ಅವಳೇ ಹಿಡಿದಿರೋದು."

ಆ ರಾತ್ರಿ ಒಳಕೋಣೆಯಲ್ಲಿ ಇಬ್ಬರೂ ದೀಪ ಆರಿಸದೆ ಮಲಗಿದರು. ಮಲಗಿದ್ದು ಹೆಸರಿಗೆ. ಅಕ್ಕ ಬಲಗೈಯನ್ನ ಹೊದಿಕೆಯ ಹೊರಗೆ ಇಟ್ಟಿದ್ದಳು. ಒಳಗೆ ತಂದರೆ ಅವಳೂ ಒಳಗೆ ಬಂದಾಳು ಅನ್ನೋ ಭಯ. ಸ್ವಲ್ಪ ಹೊತ್ತಿಗೆ ಕೈಯ ಹಿಡಿತ ಸಡಿಲವಾಯಿತು. ಉಸಿರು ಬಿಡೋಷ್ಟರಲ್ಲಿ ಮುಂದಿನ ಕೋಣೆಯಲ್ಲಿ... ಟಕ್.

ಚಿಲಕ.

ಮತ್ತೆ ಟಕ್. ಟಕ್ ಟಕ್. ಒಳಗಿನಿಂದ. ಯಾರೋ ತೆಗೆಯೋಕೆ ನೋಡ್ತಿದ್ದಾರೆ, ಬರ್ತಿಲ್ಲ. ಜೋರೇನಿಲ್ಲ. ಕೋಣೆಯಲ್ಲಿ ಕೂಡಿಹಾಕಿದ ಮಗು, ಅಪ್ಪನಿಗೆ ಕೇಳಿಸಬಾರದು ಅಂತ ಮೆಲ್ಲಗೆ ಮಾಡುತ್ತಲ್ಲ, ಹಾಗೆ.

ಅದರ ಜೊತೆಗೆ ಆಂಟಿಯ ದನಿ. ಅವರ ಭಾಷೆಯಲ್ಲಿ ಏನೋ ಹೇಳ್ತಿದ್ದರು. ಅಕ್ಕನಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ರಮಿಸೋ ಮಾತು ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತೆ. ಮೊದಲು ರಮಿಸಿದರು. ಆಮೇಲೆ ಗದರಿದರು. ಆಮೇಲೆ ಅತ್ತರು. ಚಿಲಕ ಮಾತ್ರ ನಿಲ್ಲಲಿಲ್ಲ. ಟಕ್... ಟಕ್.

ಅಪ್ಪ ನನಗೂ ಬೇಡ ಅಂದಿದ್ದರೆ, ಅಂತ ಅಕ್ಕನಿಗೆ ಅನ್ನಿಸಿದ್ದು ಆಗಲೇ. ಬ್ಯಾಗು ಹೊತ್ತು ಮುಂದೆ ನಡೆದ ದೊಡ್ಡಪ್ಪನ ಬೆನ್ನು ಕಣ್ಣಿಗೆ ಕಟ್ಟಿತಂತೆ.

ಬೆಳಗಿನ ಜಾವಕ್ಕೆ ಎಲ್ಲ ಸುಮ್ಮನಾಯಿತು. ಅಳುವೂ ಇಲ್ಲ, ಚಿಲಕವೂ ಇಲ್ಲ. ಆಮೇಲೆ ಹೊಸದೊಂದು ಸದ್ದು. ಕಿರುಕ್ ಕಿರುಕ್... ಟರ್ರ್... ಟರ್ರ್...

"ಏನದು?" ಕೊಕ್ಕರೆ ಪಿಸುಗುಟ್ಟಿದಳು.

"ಹೊಲೀತಿದ್ದಾರೆ."

ಬೆಳಕು ಬಿಟ್ಟ ಮೇಲೆ ತಂಡದ ಬಸ್ಸು ಶಾಲೆಯ ಮುಂದೆ ನಿಂತಿತ್ತು. ಎಲ್ಲರೂ ತಾವು ಉಳಿದ ಮನೆಯವರನ್ನ ತಬ್ಬಿಕೊಂಡು ಬೀಳ್ಕೊಳ್ಳುತ್ತಿದ್ದರು. ಅಕ್ಕನ ಬಲಗೈ ಮತ್ತೆ ತಣ್ಣಗಾಗಿತ್ತು. ಮನೆಯ ಹೊಸಿಲು ದಾಟುವಾಗಲೇ ಆ ಹುಡುಗಿ ಹಿಡಿದಿದ್ದಳು, ಈ ಸಲ ಬಿಗಿಯಾಗಿ. ಅಕ್ಕನಿಗೆ ಒಂದೇ ಯೋಚನೆ. ಹೀಗೆ ಎಷ್ಟು ಊರು, ಎಷ್ಟು ದಿನ? ಇವಳನ್ನ ಹಿಡಿದುಕೊಂಡೇ ನಾನು ಮನೆಗೆ ಹೋಗಬೇಕಾ?

ಆಂಟಿ ಓಣಿಯಿಂದ ಬಂದರು. ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಮಡಿಸಿದ ಹಳದಿ ಬಟ್ಟೆ. ಬಿಡಿಸಿ ತೋರಿಸಿದರು. ತಂಡದವರು ಹಾಕೋ ಅಂಥದ್ದೇ ಸ್ಕರ್ಟು, ಅದೇ ನೆರಿಗೆ, ಅದೇ ಅಂಚು. ಆದರೆ ಸೊಂಟ ಸಣ್ಣ. ಅಕ್ಕನಿಗಾಗಲಿ ಕೊಕ್ಕರೆಗಾಗಲಿ ಆಗೋದಲ್ಲ.

"ಅಪ್ಪ ಹಿಡಿದಿಟ್ಟಿದ್ದೇ ಸಾಕು," ಅಂದರು. "ರಾತ್ರಿಯೆಲ್ಲ ನಾನೂ ಅದನ್ನೇ ಮಾಡಿದೆ ಮರಿ. ಬಾಗಿಲಿಗೆ ಅಡ್ಡ ಕೂತೆ."

ಆಮೇಲೆ ಅಕ್ಕನ ಬಲಗಡೆಗೆ ತಿರುಗಿ, ಅವರ ಭಾಷೆಯಲ್ಲಿ ಒಂದೇ ಮಾತು ಹೇಳಿದರು. ಗಾಳಿಯಲ್ಲಿ ಕೈಯಾಡಿಸಿ, ಎಡಗಡೆ ತೋಳು ಇರಬೇಕಾದ ಕಡೆ, ಬಟ್ಟೆ ಸರಿಮಾಡೋ ಹಾಗೆ ಎಳೆದರು. ನೋಡಿದವರು ಪಾಪ ಈ ಹೆಂಗಸಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಅಕ್ಕನ ಕೈ ಬೆಚ್ಚಗಾಯಿತು. ಬೆರಳುಗಳಿಗೆ ರಕ್ತ ಹರಿದು ಜುಮ್ಮೆಂದಿತು. ಬಸ್ಸಿನ ಮೆಟ್ಟಿಲ ಮೇಲೆ ಪಚಕ್ ಅಂತ ಒಂದು ಸದ್ದಾಯಿತು.

ಆಂಟಿ ಹಿಂತಿರುಗಿ ನೋಡದೆ ಹೋದರು.

ಸ್ಕರ್ಟನ್ನ ಅಕ್ಕ ಉಳಿದವುಗಳ ಜೊತೆ ಪೆಟ್ಟಿಗೆಯಲ್ಲಿಟ್ಟಳು. ಮುಂದಿನ ಊರು, ಅದರ ಮುಂದಿನ ಊರು... ಪ್ರದರ್ಶನ ಮುಗಿದು ಬಟ್ಟೆ ಮಡಿಸುವಾಗ ಯಾರೂ ಹಾಕಿರದ ಆ ಸ್ಕರ್ಟೂ ಬೆವರಿಗೆ ತೊಯ್ದಿರುತ್ತಿತ್ತಂತೆ. ಕೊಕ್ಕರೆಯೂ ಮುಟ್ಟಿ ನೋಡಿದಳು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಕೊನೆ ಹಾಡಿಗೆ ಕೆಳಗಿಳಿಯೋಕೆ ಮಾತ್ರ ಅಕ್ಕ ಹೆದರುತ್ತಿದ್ದಳು. ಯಾರ ಕೈ ಹಿಡಿದರೂ ಮೊದಲು ಬೆಚ್ಚಗಿದೆಯಾ ಅಂತ ನೋಡೋಳು. ಒಂದು ದಿನ ಸ್ಕರ್ಟು ಪೆಟ್ಟಿಗೆಯಲ್ಲಿರಲಿಲ್ಲ. ಲಾಂಡ್ರಿಯಲ್ಲಿ ಅದಲುಬದಲಾಗಿರಬೇಕು ಅಂದರು. ಅಕ್ಕನೂ ಹೌದು ಅಂದಳು.

ಅದಾದ ಮಾರನೇ ದಿನವೇ ಇದು ನಡೆದದ್ದು. ಮಧ್ಯಾಹ್ನ. ಚೆನ್ನಾಗಿ ಬಿಸಿಲು. ಬಸ್ಸಲ್ಲಿ ಎಲ್ಲರೂ ತೂಕಡಿಸ್ತಿದ್ದರು. ಅಕ್ಕ ಎಚ್ಚರವಿದ್ದಳು. ಯಾವುದೋ ಬಯಲು, ಊರಿಲ್ಲ ಕೇರಿಯಿಲ್ಲ, ಒಂದು ಕವಲುದಾರಿ. ಅಲ್ಲಿ ಡ್ರೈವರಣ್ಣ ಬಸ್ಸು ನಿಲ್ಲಿಸಿದ. ಬಾಗಿಲು ತೆಗೆದ. ಪುಸ್ಸ್... ಸ್ವಲ್ಪ ಹೊತ್ತು ಕಾದ. ಕನ್ನಡಿಯಲ್ಲಿ ನೋಡಿದ. ಬಾಗಿಲು ಹಾಕಿ ಹೊರಟ.

ಅಕ್ಕ ಮುಂದೆ ಹೋಗಿ ಮೆಲ್ಲಗೆ ಕೇಳಿದಳು, "ಯಾಕಣ್ಣ ನಿಲ್ಲಿಸಿದ್ರಿ?"

ಅವನಿಗೆ ಬಾವಿಯೂ ಗೊತ್ತಿಲ್ಲ, ಆಂಟಿಯೂ ಗೊತ್ತಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೇನೇ ಹೇಳಿದ, "ಬೆಲ್ ಹೊಡೆದರಲ್ಲ, ಇಳೀಬೇಕು ಅಂತ."

ಇದು ಕಟ್ಟಿ ಹೇಳಿದ್ದಲ್ಲ, ನಡೆದದ್ದು. ಅಕ್ಕ ಇಲ್ಲೇ ಪಕ್ಕದ ರಸ್ತೆಯಲ್ಲಿದ್ದಾಳೆ, ಹೋಗಿ ಕೇಳಿ. ಬೇರೆ ಯಾವ ವಿಷಯಕ್ಕಾದರೂ ಅವಳು ನಾಲ್ಕು ಮಾತು ಸೇರಿಸ್ತಾಳೆ, ಇದಕ್ಕೆ ಮಾತ್ರ ಇಲ್ಲ. ವರ್ಷಪೂರ್ತಿ ಆ ಬಸ್ಸಲ್ಲೇ ಓಡಾಡಿದವಳು, ಅದರ ಮೂಲೆಮೂಲೆಯೂ ಗೊತ್ತು.

ಅದರಲ್ಲಿ ಬೆಲ್ಲೇ ಇರಲಿಲ್ಲ.